ಬೋರಿಸ್ ಪೋರ್ಷ್ನೆವ್

ಬೋರಿಸ್ ಫ್ಯೋದರೊವಿಚ್ ಪೋರ್ಷ್ನೆವ್ (೭ ಮಾರ್ಚ್ ೧೯೦೫ – ೨೬ ನವೆಂಬರ್ ೧೯೭೨) ಅವರು ಸೋವಿಯತ್ ಒಕ್ಕೂಟದ ಹೆಸರಾಂತ ಇತಿಹಾಸಕಾರರು ಹಾಗೂ ಸಮಾಜ ಮನೋವಿಜ್ಞಾನದ ಚಿಂತಕರು. ೧೭ನೆಯ ಶತಮಾನದ ಫ್ರಾನ್ಸಿನಲ್ಲಿ ನಡೆದ ಜನದಂಗೆಗಳ ಕುರಿತ ಅವರ ಸಂಶೋಧನೆ ಯುರೋಪಿನ ಇತಿಹಾಸ ಲೇಖನದಲ್ಲಿ ಮಹತ್ವದ ಸ್ಥಾನ ಪಡೆದಿದೆ. ಬದುಕಿನ ಕೊನೆಯ ಹದಿನೈದು ವರ್ಷಗಳಲ್ಲಿ ಅವರು ಹಿಮಮಾನವನ ಅಸ್ತಿತ್ವದ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪಾಮೀರ್ ಮತ್ತು ಕಾಕಸಸ್ ಪರ್ವತಗಳಲ್ಲಿ ಸಾಕ್ಷ್ಯ ಸಂಗ್ರಹಿಸುವ, ಆಹಾರದ ಆಮಿಷವಿಟ್ಟು ಆ ಜೀವಿಗಾಗಿ ಕಾಯುವ ಪ್ರಯತ್ನಗಳ ಹಿಂದಿನ ಮುಖ್ಯ ಪ್ರೇರಣೆ ಅವರದಾಗಿತ್ತು. ಈ ಶೋಧನೆ ಫಲ ಕೊಡಲಿಲ್ಲ. ಅದರಿಂದ ಅವರ ವಿದ್ವತ್ತಿನ ಹೆಸರಿಗೆ ಸ್ವಲ್ಪಮಟ್ಟಿಗೆ ಕುಂದು ಉಂಟಾಯಿತು. ಆದರೂ ಮಾನವನ ಆದಿಯ ಬಗ್ಗೆ ಅವರು ಮಂಡಿಸಿದ ಸಿದ್ಧಾಂತ ಇಂದಿಗೂ ರಷ್ಯಾದಲ್ಲಿ ಚರ್ಚೆಯಲ್ಲಿದೆ.

ಜನನ ಮತ್ತು ವಿದ್ಯಾಭ್ಯಾಸ

ಪೋರ್ಷ್ನೆವ್ ಅವರು ರಷ್ಯಾದ ಅಂದಿನ ರಾಜಧಾನಿಯಾಗಿದ್ದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಜನಿಸಿದರು. ಅವರು ಹನ್ನೆರಡು ವರ್ಷದ ಬಾಲಕನಾಗಿದ್ದಾಗ ೧೯೧೭ರ ಕ್ರಾಂತಿ ನಡೆಯಿತು. ಮಾಸ್ಕೋ ವಿಶ್ವವಿದ್ಯಾಲಯದ ಸಮಾಜ ವಿಜ್ಞಾನಗಳ ವಿಭಾಗದಿಂದ ೧೯೨೫ರಲ್ಲಿ ಪದವಿ ಪಡೆದರು. ಇತಿಹಾಸದೊಂದಿಗೆ ಮನೋವಿಜ್ಞಾನದಲ್ಲಿಯೂ ಅವರಿಗೆ ವಿದ್ಯಾರ್ಥಿದೆಸೆಯಿಂದಲೇ ಆಸಕ್ತಿಯಿತ್ತು. ಮನುಷ್ಯನು ಏಕೆ ಬಂಡೇಳುತ್ತಾನೆ, ಏಕೆ ವಿಧೇಯನಾಗುತ್ತಾನೆ ಎಂಬ ಪ್ರಶ್ನೆ ಅವರ ಮುಂದಿನ ಎಲ್ಲ ಬರಹಗಳ ತಳದಲ್ಲಿ ಕಾಣುತ್ತದೆ. ೧೯೪೩ರಿಂದ ಅವರು ಸೋವಿಯತ್ ವಿಜ್ಞಾನ ಅಕಾಡೆಮಿಯ ಇತಿಹಾಸ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. ಮುಂದೆ ಅಲ್ಲಿ ಆಧುನಿಕ ಯುರೋಪಿನ ಇತಿಹಾಸಕ್ಕೆ ಸಂಬಂಧಿಸಿದ ವಿಭಾಗದ ಮುಖ್ಯಸ್ಥರಾದರು. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದಿದ್ದ ಅವರಿಗೆ ೧೯೬೬ರಲ್ಲಿ ತತ್ತ್ವಶಾಸ್ತ್ರದಲ್ಲಿಯೂ ಡಾಕ್ಟರೇಟ್ ದೊರೆಯಿತು.

ಫ್ರಾನ್ಸಿನ ಜನದಂಗೆಗಳ ಅಧ್ಯಯನ

ಫ್ರಾನ್ಸಿನ ದೊರೆ ಹದಿಮೂರನೆಯ ಲೂಯಿಯ ಕಾಲದಲ್ಲಿ ಪಿಯೇರ್ ಸೆಗಿಯೇ ಎಂಬವರು ರಾಜ್ಯದ ಚಾನ್ಸೆಲರ್ ಆಗಿದ್ದರು. ಪ್ರಾಂತಗಳ ಅಧಿಕಾರಿಗಳು ಅವರಿಗೆ ಬರೆದ ನೂರಾರು ಪತ್ರಗಳು ಫ್ರೆಂಚ್ ಕ್ರಾಂತಿಯ ಗೊಂದಲದಲ್ಲಿ ಚದುರಿದವು. ಪ್ಯಾರಿಸ್ಸಿನ ರಷ್ಯನ್ ರಾಯಭಾರ ಕಚೇರಿಯಲ್ಲಿದ್ದ ಪ್ಯೋತರ್ ದುಬ್ರೊವ್ಸ್ಕಿ ಅವುಗಳಲ್ಲಿ ಒಂದು ಭಾಗವನ್ನು ಸಂಗ್ರಹಿಸಿ ರಷ್ಯಾಕ್ಕೆ ತಂದಿದ್ದರು. ಲೆನಿನ್‌ಗ್ರಾಡಿನ ಸಾರ್ವಜನಿಕ ಗ್ರಂಥಾಲಯದಲ್ಲಿದ್ದ ಈ ಕಾಗದಗಳೇ ಪೋರ್ಷ್ನೆವ್ ಅವರ ಮುಖ್ಯ ಆಕರವಾದವು.

ಈ ಪತ್ರಗಳನ್ನು ಬರೆದವರು ತೆರಿಗೆ ವಸೂಲಿಯ ಅಧಿಕಾರಿಗಳು, ನ್ಯಾಯಾಧೀಶರು, ಪ್ರಾಂತಾಧಿಕಾರಿಗಳು. ದಂಗೆಯೆದ್ದ ರೈತರಿಗೆ ಓದುಬರಹ ತಿಳಿದಿರಲಿಲ್ಲ. ಅವರು ತಮ್ಮ ಕಥೆಯನ್ನು ತಾವೇ ಬರೆದಿಡಲಿಲ್ಲ. ಆಳುವವರ ದೂರುಗಳನ್ನೇ ತಿರುವಿ ಓದಿ, ಆಳಿಸಿಕೊಂಡವರ ಹಸಿವು, ಸಿಟ್ಟು ಮತ್ತು ಬೇಡಿಕೆಗಳನ್ನು ಪತ್ತೆಹಚ್ಚುವುದು ಪೋರ್ಷ್ನೆವ್ ಅವರ ವಿಧಾನವಾಗಿತ್ತು. ೧೬೩೯ರಲ್ಲಿ ನಾರ್ಮಂಡಿಯಲ್ಲಿ ನಡೆದ ದಂಗೆ ಇದಕ್ಕೆ ಒಳ್ಳೆಯ ಉದಾಹರಣೆ. ಸಮುದ್ರದ ಮರಳಿನಿಂದ ಉಪ್ಪು ತೆಗೆದು ಬದುಕುತ್ತಿದ್ದ ಬಡವರು ಉಪ್ಪಿನ ತೆರಿಗೆಯ ವಿರುದ್ಧ ಎದ್ದುನಿಂತರು. ಬರಿಗಾಲಿನವರು ಎಂಬ ಅರ್ಥದ ಹೆಸರಿನಿಂದ ಆ ದಂಗೆ ಪ್ರಸಿದ್ಧವಾಗಿದೆ. ಅದನ್ನು ಹತ್ತಿಕ್ಕಿದ ನಂತರ ಶಿಕ್ಷೆ ವಿಧಿಸಲು ಸ್ವತಃ ಸೆಗಿಯೇ ಅವರನ್ನೇ ಅಲ್ಲಿಗೆ ಕಳುಹಿಸಲಾಗಿತ್ತು.

ಈ ಸಂಶೋಧನೆಯ ಫಲವಾಗಿ ೧೬೨೩ರಿಂದ ೧೬೪೮ರವರೆಗಿನ ದಂಗೆಗಳನ್ನು ಕುರಿತ ಅವರ ಮುಖ್ಯ ಗ್ರಂಥ ೧೯೪೮ರಲ್ಲಿ ಪ್ರಕಟವಾಯಿತು. ೧೯೫೦ರಲ್ಲಿ ಅವರಿಗೆ ಸ್ಟಾಲಿನ್ ಪ್ರಶಸ್ತಿ ಲಭಿಸಿತು. ಗ್ರಂಥವು ಜರ್ಮನ್ ಭಾಷೆಗೂ, ೧೯೬೩ರಲ್ಲಿ ಫ್ರೆಂಚ್ ಭಾಷೆಗೂ ಅನುವಾದಗೊಂಡಿತು. ಫ್ರಾನ್ಸಿನ ಇತಿಹಾಸಕಾರ ರೋಲಾಂ ಮೂನಿಯೇ ಅವರು ಪೋರ್ಷ್ನೆವ್ ಅವರ ವರ್ಗಸಂಘರ್ಷದ ವಿವರಣೆಯನ್ನು ಒಪ್ಪಲಿಲ್ಲ. ಅನೇಕ ದಂಗೆಗಳಲ್ಲಿ ಸ್ಥಳೀಯ ಶ್ರೀಮಂತರೂ ರೈತರ ಜೊತೆಗಿದ್ದರು ಎಂಬುದು ಮೂನಿಯೇ ಅವರ ವಾದ. ಈ ವಾಗ್ವಾದ ಹಲವು ವರ್ಷ ನಡೆದು, ಆ ವಿಷಯವನ್ನು ಅಭ್ಯಸಿಸುವ ವಿದ್ಯಾರ್ಥಿಗಳಿಗೆ ಇಂದಿಗೂ ಪಾಠದ ಭಾಗವಾಗಿದೆ. ಕ್ಲೆರ್ಮೋ-ಫೆರಾಂ ವಿಶ್ವವಿದ್ಯಾಲಯವು ೧೯೫೬ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು.

ಮಾನವನ ಆದಿಯ ಪ್ರಶ್ನೆ

ಇತಿಹಾಸವನ್ನು ಅರಿಯಬೇಕಾದರೆ ಅದು ಎಲ್ಲಿಂದ ಆರಂಭವಾಯಿತು ಎಂಬುದನ್ನು ಮೊದಲು ಅರಿಯಬೇಕು ಎಂದು ಪೋರ್ಷ್ನೆವ್ ನಂಬಿದ್ದರು. ೧೯೫೦ರ ದಶಕದಲ್ಲಿ ಅವರು ಪ್ರಾಚೀನ ಶಿಲಾಯುಗ, ಬೆಂಕಿಯ ಉಗಮ ಮತ್ತು ಭಾಷೆಯ ಹುಟ್ಟಿನ ಬಗ್ಗೆ ಲೇಖನಗಳನ್ನು ಬರೆಯತೊಡಗಿದರು.

ಅವರ ಅಭಿಪ್ರಾಯದಲ್ಲಿ ನಿಯಾಂಡರ್ತಾಲ್ ಮತ್ತು ಅದಕ್ಕೂ ಹಿಂದಿನ ಜೀವಿಗಳು ನಿಜವಾದ ಅರ್ಥದಲ್ಲಿ ಮನುಷ್ಯರಲ್ಲ. ಅವು ದೊಡ್ಡ ಬೇಟೆಗಾರರೂ ಆಗಿರಲಿಲ್ಲ. ಹುಲಿ, ಸಿಂಹಗಳಂಥ ಪ್ರಾಣಿಗಳು ಕೊಂದು ಬಿಟ್ಟುಹೋದ ಅಥವಾ ತಾವಾಗಿ ಸತ್ತ ಪ್ರಾಣಿಗಳ ಎಲುಬುಗಳನ್ನು ಕಲ್ಲಿನಿಂದ ಒಡೆದು, ಒಳಗಿನ ಮಜ್ಜೆಯನ್ನೂ ಮಿದುಳನ್ನೂ ತಿನ್ನುತ್ತಿದ್ದವು. ಮೊದಲ ಕಲ್ಲಿನ ಉಪಕರಣಗಳು ಬೇಟೆಗಾಗಿ ಹುಟ್ಟಿದವಲ್ಲ, ಎಂಜಲನ್ನು ತಿನ್ನಲು ಹುಟ್ಟಿದವು. ಮಾತು ಬಂದ ಮೇಲೆಯೇ ಮನುಷ್ಯನು ಮನುಷ್ಯನಾದನು. ಆ ಮಾತು ಸಹ ವಿಷಯವನ್ನು ತಿಳಿಸುವ ಸಾಧನವಾಗಿ ಹುಟ್ಟಲಿಲ್ಲ. ಇನ್ನೊಬ್ಬನ ಕ್ರಿಯೆಯನ್ನು ತಡೆಯುವ, ಅವನ ಮೇಲೆ ಪ್ರಭಾವ ಬೀರುವ ಸಂಜ್ಞೆಯಾಗಿ ಹುಟ್ಟಿತು. ಶರೀರಶಾಸ್ತ್ರಜ್ಞ ಇವಾನ್ ಪಾವ್ಲೋವ್ ಅವರ ಸಂಶೋಧನೆಗಳನ್ನು ಆಧರಿಸಿ ಪೋರ್ಷ್ನೆವ್ ಈ ವಾದವನ್ನು ಬೆಳೆಸಿದರು.

ಈ ಸಿದ್ಧಾಂತವೇ ಅವರನ್ನು ಹಿಮಮಾನವನ ಕಡೆಗೆ ಒಯ್ದಿತು. ಮಾತಿಲ್ಲದ ಪ್ರಾಚೀನ ಜೀವಿಗಳು ಮನುಷ್ಯನ ಆಗಮನದೊಡನೆ ಒಮ್ಮೆಲೇ ಅಳಿದುಹೋಗಬೇಕಾಗಿರಲಿಲ್ಲ. ಅವುಗಳಲ್ಲಿ ಕೆಲವು ದುರ್ಗಮ ಪರ್ವತಗಳಲ್ಲಿ ಉಳಿದುಕೊಂಡಿರಬಹುದು ಎಂದು ಅವರು ತರ್ಕಿಸಿದರು. ಅಂಥ ಒಂದು ಜೀವಿ ದೊರೆತರೆ ತಮ್ಮ ಸಿದ್ಧಾಂತಕ್ಕೆ ಜೀವಂತ ಪುರಾವೆ ಸಿಗುತ್ತದೆ ಎಂಬುದು ಅವರ ಆಸೆಯಾಗಿತ್ತು.

ಹಿಮಮಾನವ ಆಯೋಗ ಮತ್ತು ಪಾಮೀರ್ ಯಾತ್ರೆ

೧೯೫೭ರ ಆಗಸ್ಟ್ ತಿಂಗಳಲ್ಲಿ ಲೆನಿನ್‌ಗ್ರಾಡ್ ವಿಶ್ವವಿದ್ಯಾಲಯದ ಜಲವಿಜ್ಞಾನಿ ಪ್ರೋನಿನ್ ಅವರು ಪಾಮೀರ್ ಪರ್ವತದ ಫೆದ್ಚೆಂಕೊ ಹಿಮನದಿಯ ಪ್ರದೇಶದಲ್ಲಿ ಮನುಷ್ಯಾಕೃತಿಯ ಜೀವಿಯೊಂದನ್ನು ಕಂಡುದಾಗಿ ಹೇಳಿದರು. ಈ ಸುದ್ದಿ ಪತ್ರಿಕೆಗಳಲ್ಲಿ ಕೋಲಾಹಲವೆಬ್ಬಿಸಿತು. ನೇಪಾಳದ ಯೇತಿಯ ಕಥೆಗಳು ಅದಾಗಲೇ ಜಗತ್ತಿನಾದ್ಯಂತ ಪ್ರಚಾರದಲ್ಲಿದ್ದವು. ೧೯೫೮ರಲ್ಲಿ ವಿಜ್ಞಾನ ಅಕಾಡೆಮಿಯು ಹಿಮಮಾನವನ ಪ್ರಶ್ನೆಯನ್ನು ಪರಿಶೀಲಿಸಲು ಒಂದು ಆಯೋಗವನ್ನು ರಚಿಸಿತು. ಭೂವಿಜ್ಞಾನಿ ಸೆರ್ಗೆಯ್ ಓಬ್ರುಚೆವ್ ಅದರ ಅಧ್ಯಕ್ಷರಾದರು, ಪೋರ್ಷ್ನೆವ್ ಉಪಾಧ್ಯಕ್ಷರಾದರು. ಅದೇ ವರ್ಷ ನೊಬೆಲ್ ಪಾರಿತೋಷಕ ಪಡೆದ ಭೌತವಿಜ್ಞಾನಿ ಇಗೊರ್ ತಾಮ್ ಅವರೂ ಈ ವಿಷಯದಲ್ಲಿ ಆಸಕ್ತಿ ತಳೆದಿದ್ದರು.

೧೯೫೮ರ ಬೇಸಿಗೆಯಲ್ಲಿ ಸಸ್ಯವಿಜ್ಞಾನಿ ಕಿರಿಲ್ ಸ್ತಾನ್ಯುಕೊವಿಚ್ ಅವರ ನೇತೃತ್ವದಲ್ಲಿ ತಂಡವೊಂದು ತಜಿಕಿಸ್ತಾನದ ಪಾಮೀರ್ ಪ್ರದೇಶಕ್ಕೆ ಹೊರಟಿತು. ದೂರದಿಂದ ಚಿತ್ರ ತೆಗೆಯುವ ಮಸೂರಗಳ ಕ್ಯಾಮೆರಾಗಳು, ವಾಸನೆ ಹಿಡಿಯುವ ನಾಯಿಗಳು ಮತ್ತು ನುರಿತ ಬೇಟೆಗಾರರು ತಂಡದಲ್ಲಿದ್ದರು. ಆ ಜೀವಿ ಸುಳಿಯಬಹುದಾದ ಜಾಗಗಳಲ್ಲಿ ಆಮಿಷವಿಟ್ಟು, ಮರೆಯಲ್ಲಿ ಕುಳಿತು ಕಾಯುವುದು ಅವರ ಕ್ರಮವಾಗಿತ್ತು. ಹಿಮಚಿರತೆಯಂಥ ಕಣ್ಣಿಗೆ ಬೀಳದ ಪ್ರಾಣಿಗಳನ್ನು ಪತ್ತೆಹಚ್ಚಲು ಬೇಟೆಗಾರರು ಬಹುಕಾಲದಿಂದ ಅನುಸರಿಸಿಕೊಂಡು ಬಂದ ವಿಧಾನವೇ ಇದು.

ಈ ವಿಧಾನಕ್ಕೆ ಒಂದು ಮೂಲಭೂತ ಮಿತಿಯಿದೆ. ಬಯಲಿನಲ್ಲಿಟ್ಟ ಆಹಾರ ಬೆಳಗಾಗುವಷ್ಟರಲ್ಲಿ ಮಾಯವಾಗಬಹುದು. ಆದರೆ ಅದನ್ನು ತಿಂದವರು ಯಾರು ಎಂಬುದನ್ನು ಆಹಾರ ಹೇಳುವುದಿಲ್ಲ. ಪಾಮೀರ್ ಪ್ರದೇಶದಲ್ಲಿ ಕಂದು ಕರಡಿ, ತೋಳ, ನರಿ ಮತ್ತು ರಣಹದ್ದುಗಳಿವೆ. ಹಿಮದ ಮೇಲೆ ಮೂಡಿದ ಹೆಜ್ಜೆಗುರುತು ಬಿಸಿಲಿಗೆ ಕರಗಿ ಅಗಲವಾಗುತ್ತದೆ. ಕರಡಿಯ ಮುಂಗಾಲು ಮತ್ತು ಹಿಂಗಾಲುಗಳ ಗುರುತು ಒಂದರ ಮೇಲೊಂದು ಬಿದ್ದಾಗ ಮನುಷ್ಯನ ದೊಡ್ಡ ಪಾದದಂತೆ ಕಾಣುತ್ತದೆ. ಆದ್ದರಿಂದ ತಿಂದವನ ಚಿತ್ರ, ಕೂದಲು ಅಥವಾ ಎಲುಬು ದೊರೆಯದ ಹೊರತು ಆಮಿಷದ ಪ್ರಯೋಗದಿಂದ ಏನನ್ನೂ ಸಾಧಿಸಿದಂತಾಗುವುದಿಲ್ಲ. ಪಾಮೀರ್ ತಂಡಕ್ಕೆ ಅಂಥ ಯಾವ ಪುರಾವೆಯೂ ಸಿಗಲಿಲ್ಲ.

ತಂಡವು ಬರಿಗೈಯಲ್ಲಿ ಮರಳಿದ ಮೇಲೆ ೧೯೫೯ರ ಆರಂಭದಲ್ಲಿ ಆಯೋಗವನ್ನು ವಿಸರ್ಜಿಸಲಾಯಿತು. ತಂಡದಲ್ಲಿ ವಾನರಗಳನ್ನು ಬಲ್ಲ ಪ್ರಾಣಿವಿಜ್ಞಾನಿಗಳಿರಲಿಲ್ಲ, ಸ್ಥಳದ ಆಯ್ಕೆಯೂ ಕಾಲದ ಆಯ್ಕೆಯೂ ಸರಿಯಿರಲಿಲ್ಲ ಎಂದು ಪೋರ್ಷ್ನೆವ್ ಆಕ್ಷೇಪಿಸಿದರು. ಆದರೆ ಅಕಾಡೆಮಿಯ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿದಿತ್ತು.

ಹೇಳಿಕೆಗಳ ಸಂಗ್ರಹ

ಅಧಿಕೃತ ಬೆಂಬಲ ತಪ್ಪಿದ ಮೇಲೂ ಪೋರ್ಷ್ನೆವ್ ಕೆಲಸ ನಿಲ್ಲಿಸಲಿಲ್ಲ. ಆಯೋಗದ ಹೆಸರಿನಲ್ಲಿ ಮಾಹಿತಿ ಸಂಚಿಕೆಗಳ ನಾಲ್ಕು ಭಾಗಗಳು ಪ್ರಕಟವಾಗಿದ್ದವು. ಮಂಗೋಲಿಯ, ಟಿಬೆಟ್, ಮಧ್ಯ ಏಷ್ಯಾ ಹಾಗೂ ಕಾಕಸಸ್ ಪ್ರದೇಶಗಳ ಕುರಿಗಾಹಿಗಳು, ಬೇಟೆಗಾರರು, ಸೈನಿಕರು ಮತ್ತು ಪ್ರವಾಸಿಗರ ಹೇಳಿಕೆಗಳನ್ನು ಅವುಗಳಲ್ಲಿ ಸಂಗ್ರಹಿಸಲಾಗಿತ್ತು. ಈ ಎಲ್ಲವನ್ನೂ ವಿಶ್ಲೇಷಿಸಿ ಅವರು ಬರೆದ ದೊಡ್ಡ ಗ್ರಂಥ ೧೯೬೩ರಲ್ಲಿ ಹೊರಬಂದಿತು. ಅದರ ೧೮೦ ಪ್ರತಿಗಳನ್ನು ಮಾತ್ರ ಮುದ್ರಿಸಲಾಯಿತು. ಒಬ್ಬರಿಗೊಬ್ಬರು ಪರಿಚಯವಿಲ್ಲದ, ಬೇರೆ ಬೇರೆ ಭಾಷೆಯ ಜನರು ಒಂದೇ ಬಗೆಯ ವಿವರಗಳನ್ನು ಹೇಳುತ್ತಿದ್ದರೆ ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಲಾಗದು ಎಂಬುದು ಅವರ ನಿಲುವು.

ಇಲ್ಲಿ ಅವರ ಇತಿಹಾಸಕಾರನ ಅಭ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅಕ್ಷರವಿಲ್ಲದ ರೈತನ ಮಾತಿಗೆ ಬೆಲೆ ಕೊಡಬೇಕೆಂದು ಫ್ರಾನ್ಸಿನ ದಂಗೆಗಳ ಅಧ್ಯಯನದಲ್ಲಿ ಅವರು ಕಲಿತಿದ್ದರು. ಅದೇ ಗೌರವವನ್ನು ಪರ್ವತದ ಹಳ್ಳಿಗರ ಹೇಳಿಕೆಗಳಿಗೂ ಸಲ್ಲಿಸಿದರು. ಆದರೆ ಎರಡೂ ಸಂದರ್ಭಗಳು ಒಂದೇ ಆಗಿರಲಿಲ್ಲ. ದಂಗೆ ನಡೆದುದಕ್ಕೆ ತೆರಿಗೆಯ ಲೆಕ್ಕ, ನ್ಯಾಯಾಲಯದ ತೀರ್ಪು, ಸೈನ್ಯದ ಆದೇಶ ಮೊದಲಾದ ಬೇರೆ ಆಧಾರಗಳೂ ಇದ್ದವು. ಹಿಮಮಾನವನ ವಿಷಯದಲ್ಲಿ ಹೇಳಿಕೆಗಳಾಚೆಗೆ ಒರೆಹಚ್ಚಿ ನೋಡಲು ಏನೂ ಇರಲಿಲ್ಲ.

ಕಾಕಸಸ್ ಪರ್ವತದಲ್ಲಿ ಶೋಧನೆ

೧೯೬೦ರ ದಶಕದಲ್ಲಿ ಶೋಧನೆಯ ಕೇಂದ್ರ ಕಾಕಸಸ್ ಪರ್ವತಶ್ರೇಣಿಗೆ ಬದಲಾಯಿತು. ಪಾಮೀರ್ ಯಾತ್ರೆಯಲ್ಲಿ ಪಾಲ್ಗೊಂಡಿದ್ದ ವೈದ್ಯೆ ಹಾಗೂ ಪರ್ವತಾರೋಹಿ ಮರೀ-ಜಾನ್ ಕೋಫ್‌ಮನ್ ಅವರು ಕಬಾರ್ಡಿನೋ-ಬಲ್ಕಾರಿಯ ಪ್ರದೇಶದಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿದರು. ಅಲ್ಲಿನ ಜನ ಈ ಜೀವಿಯನ್ನು ಅಲ್ಮಸ್ತಿ ಎಂದು ಕರೆಯುತ್ತಿದ್ದರು. ಹಿಮಾಲಯದ ಕಥೆಗಳ ಯೇತಿಯಂತೆ ಅದು ಹಿಮದ ನಡುವೆ ವಾಸಿಸುವುದಲ್ಲ. ಜೋಳದ ಹೊಲಗಳ ಅಂಚಿಗೆ, ಕುರಿಹಟ್ಟಿಗಳ ಬಳಿಗೆ, ಪಾಳುಮನೆಗಳಿಗೆ ಬಂದು ಆಹಾರ ಹುಡುಕುತ್ತದೆ ಎಂಬುದು ಹಳ್ಳಿಗರ ನಂಬಿಕೆಯಾಗಿತ್ತು. ಕೆಲವು ಮನೆಯವರು ಅದಕ್ಕಾಗಿ ಆಹಾರವನ್ನು ಹೊರಗಿಡುತ್ತಿದ್ದರು, ಅದನ್ನು ನೋಯಿಸುವುದು ಅಶುಭವೆಂದು ತಿಳಿದಿದ್ದರು ಎಂಬ ಹೇಳಿಕೆಗಳೂ ದಾಖಲಾದವು.

ಈ ಹೇಳಿಕೆಗಳು ಪೋರ್ಷ್ನೆವ್ ಅವರಲ್ಲಿ ಹೊಸ ಆಸೆ ಮೂಡಿಸಿದವು. ಬಂದೂಕು ಮತ್ತು ನಾಯಿಗಳಿಂದ ಬೆನ್ನಟ್ಟುವ ಬದಲು, ಆಹಾರವನ್ನು ಒಂದೇ ಸ್ಥಳದಲ್ಲಿ ಇಡುತ್ತ ಬಂದರೆ ಆ ಜೀವಿ ಕ್ರಮೇಣ ಭಯ ಬಿಟ್ಟು ಹತ್ತಿರವಾಗಬಹುದೆಂದು ಅವರಿಗೆ ತೋರಿತು. ಎಂಜಲನ್ನು ತಿಂದು ಬದುಕಿದ ಪ್ರಾಚೀನ ಜೀವಿಯ ಬಗ್ಗೆ ತಾವು ಕಟ್ಟಿದ ಸಿದ್ಧಾಂತಕ್ಕೂ ಇದು ಹೊಂದಿಕೊಳ್ಳುತ್ತಿತ್ತು. ಅವರೂ ಕೋಫ್‌ಮನ್ ಅವರೂ ಎತ್ತರದ ಕಳೆಗಿಡಗಳ ನಡುವೆ ಒಂದು ಮಲಗುವ ತಾಣವನ್ನು ಕಂಡರು. ಅಲ್ಲಿ ಕುಂಬಳಕಾಯಿ, ಆಲೂಗಡ್ಡೆ, ಅರೆತಿಂದ ಮೆಕ್ಕೆಜೋಳದ ತೆನೆ, ಸೂರ್ಯಕಾಂತಿಯ ಹೂತಲೆ ಮತ್ತು ಕುದುರೆಯ ಲದ್ದಿ ಒಟ್ಟಿಗೆ ದೊರೆತವು. ಇದನ್ನು ಅವರು ಅಲ್ಮಸ್ತಿಯ ಉಗ್ರಾಣವೆಂದು ಪರಿಗಣಿಸಿದರು. ಹೊಲದಿಂದ ಕದ್ದ ಕಾಯಿಪಲ್ಯಗಳ ರಾಶಿಯನ್ನು ಯಾರು ಬೇಕಾದರೂ ಕೂಡಿಟ್ಟಿರಬಹುದು ಎಂಬುದು ಟೀಕಾಕಾರರ ಉತ್ತರ. ವರ್ಷಗಟ್ಟಲೆ ಕಾದರೂ ಅಲ್ಮಸ್ತಿಯ ಒಂದು ಸ್ಪಷ್ಟ ಛಾಯಾಚಿತ್ರವಾಗಲಿ ದೇಹದ ಭಾಗವಾಗಲಿ ದೊರೆಯಲಿಲ್ಲ.

ಜಾನಾ ಪ್ರಕರಣ

ಪೋರ್ಷ್ನೆವ್ ಅವರು ಪರಿಶೀಲಿಸಿದ ಪ್ರಕರಣಗಳಲ್ಲಿ ಅಬ್ಖಾಜಿಯದ ಜಾನಾ ಎಂಬ ಸ್ತ್ರೀಯದು ಅತ್ಯಂತ ಪ್ರಸಿದ್ಧವಾದುದು. ಜಾನಾ ೧೯ನೆಯ ಶತಮಾನದಲ್ಲಿ ತ್ಖಿನಾ ಎಂಬ ಹಳ್ಳಿಯಲ್ಲಿ ಬದುಕಿದ್ದಳು. ಆಕೆಯನ್ನು ಕಾಡಿನಲ್ಲಿ ಸೆರೆಹಿಡಿದು, ಮರದ ದಿಮ್ಮಿಗಳ ಬೇಲಿಯೊಳಗೆ ಇಟ್ಟಿದ್ದರು, ಒಳಗೆ ಹೋಗಲು ಅಂಜಿ ಆಹಾರವನ್ನು ಹೊರಗಿನಿಂದಲೇ ಎಸೆಯುತ್ತಿದ್ದರು ಎಂದು ಹಳ್ಳಿಯ ವೃದ್ಧರು ಹೇಳುತ್ತಿದ್ದರು. ಆಕೆಗೆ ಮಾತು ಬರುತ್ತಿರಲಿಲ್ಲ, ಮೈತುಂಬ ಕೂದಲಿತ್ತು ಎಂಬುದು ಅವರ ವರ್ಣನೆ. ಆಕೆಗೆ ಹಳ್ಳಿಯ ಗಂಡಸರಿಂದ ಮಕ್ಕಳಾದರು. ಕಿರಿಯ ಮಗ ಖ್ವಿತ್ ೧೯೫೪ರಲ್ಲಿ ತೀರಿಕೊಂಡನು. ಜಾನಾ ಉಳಿದುಬಂದ ನಿಯಾಂಡರ್ತಾಲ್ ಜೀವಿಯಾಗಿರಬೇಕೆಂದು ಪೋರ್ಷ್ನೆವ್ ಭಾವಿಸಿದರು. ಆಕೆಯ ಸಮಾಧಿಯನ್ನು ಹುಡುಕಲು ತ್ಖಿನಾದಲ್ಲಿ ಉತ್ಖನನ ನಡೆಸಿದರು, ಅದು ಸಿಗಲಿಲ್ಲ. ೧೯೭೧ರಲ್ಲಿ ಇಗೊರ್ ಬುರ್ತ್ಸೆವ್ ಅವರು ಖ್ವಿತ್‌ನ ತಲೆಬುರುಡೆಯನ್ನು ಹೊರತೆಗೆದರು.

ಪೋರ್ಷ್ನೆವ್ ಕಾಲವಾಗಿ ದಶಕಗಳ ನಂತರ ಈ ಒಗಟು ಬಿಡಿಸಿತು. ೨೦೨೧ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವು ಜಾನಾ ಸಂಪೂರ್ಣವಾಗಿ ನಮ್ಮಂತೆಯೇ ಮನುಷ್ಯಳು, ಆಕೆಯ ಪೂರ್ವಜರು ಆಫ್ರಿಕಾದವರು ಎಂದು ತೋರಿಸಿತು. ಆಕೆ ಗುಲಾಮರ ವ್ಯಾಪಾರದ ಮೂಲಕ ಆ ಪ್ರದೇಶಕ್ಕೆ ಬಂದವರ ಸಂತತಿಯಾಗಿರಬಹುದು ಎಂಬುದು ಒಂದು ಊಹೆ. ದನಿಯಿಲ್ಲದವರ ಇತಿಹಾಸ ಬರೆಯಲು ಬದುಕನ್ನು ಮುಡಿಪಾಗಿಟ್ಟ ವಿದ್ವಾಂಸರು, ಬೇಲಿಯೊಳಗೆ ಬಂಧಿಯಾಗಿದ್ದ ಒಬ್ಬ ನತದೃಷ್ಟ ಹೆಣ್ಣನ್ನು ಮನುಷ್ಯಜಾತಿಯ ಹೊರಗಿಟ್ಟು ನೋಡಿದುದು ಈ ಶೋಧನೆಯ ಅತ್ಯಂತ ವಿಷಾದಕರ ಅಂಶ. ಹಳ್ಳಿಗರು ಹೇಳಿದ ಕಥೆಯಲ್ಲಿ ಜಾನಾ ಎಂಬ ಸ್ತ್ರೀ ಇದ್ದುದು ನಿಜ. ಆಕೆ ಯಾರೆಂಬ ತೀರ್ಮಾನ ತಪ್ಪಾಗಿತ್ತು.

ಕೊನೆಯ ವರ್ಷಗಳು

೧೯೬೦ರ ದಶಕದಲ್ಲಿ ಪೋರ್ಷ್ನೆವ್ ಅವರ ಲೇಖನಿ ಬಿಡುವಿಲ್ಲದೆ ನಡೆಯಿತು. ಫ್ರಾನ್ಸಿನ ಹಳ್ಳಿಯ ಪಾದ್ರಿಯಾಗಿದ್ದೂ ರಹಸ್ಯವಾಗಿ ನಾಸ್ತಿಕ ಗ್ರಂಥವೊಂದನ್ನು ಬರೆದಿಟ್ಟಿದ್ದ ಜಾನ್ ಮೆಲಿಯೇ ಅವರ ಜೀವನಚರಿತ್ರೆ ೧೯೬೪ರಲ್ಲಿ ಪ್ರಕಟವಾಯಿತು. ಊಳಿಗಮಾನ್ಯ ವ್ಯವಸ್ಥೆ ಮತ್ತು ಜನಸಮೂಹದ ಕುರಿತ ಗ್ರಂಥವೂ ಅದೇ ವರ್ಷದ್ದು. ಸಮಾಜ ಮನೋವಿಜ್ಞಾನ ಮತ್ತು ಇತಿಹಾಸದ ಸಂಬಂಧವನ್ನು ಕುರಿತ ಪುಸ್ತಕ ೧೯೬೬ರಲ್ಲಿ ಬಂದಿತು. ಹಿಮಮಾನವನ ಶೋಧನೆಯ ತಮ್ಮ ಅನುಭವಗಳನ್ನು ೧೯೬೮ರಲ್ಲಿ ಅಲ್ಮಾ-ಅತಾದ ಪ್ರೊಸ್ತೋರ್ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದರು.

ಮಾನವ ಇತಿಹಾಸದ ಆರಂಭವನ್ನು ಕುರಿತ ಗ್ರಂಥವನ್ನು ಅವರು ತಮ್ಮ ಬದುಕಿನ ಮುಖ್ಯ ಕೃತಿಯೆಂದು ತಿಳಿದಿದ್ದರು. ಅದರ ಅಚ್ಚುಮೊಳೆಗಳನ್ನು ಜೋಡಿಸಿಯೂ ಆಗಿತ್ತು. ಆದರೆ ೧೯೭೨ರಲ್ಲಿ ಪ್ರಕಟಣೆಯನ್ನು ತಡೆದು, ಜೋಡಿಸಿದ ಮೊಳೆಗಳನ್ನು ಬಿಚ್ಚಿಹಾಕಲಾಯಿತು. ಇದು ಅವರಿಗೆ ದೊಡ್ಡ ಆಘಾತವಾಯಿತು. ಅದೇ ವರ್ಷ ನವೆಂಬರ್ ೨೬ರಂದು ಅವರು ಮಾಸ್ಕೋದಲ್ಲಿ ನಿಧನರಾದರು. ಆಗ ಅವರಿಗೆ ೬೭ ವರ್ಷ. ಕೆಲವು ಭಾಗಗಳನ್ನು ಕೈಬಿಟ್ಟ ಆ ಗ್ರಂಥ ೧೯೭೪ರಲ್ಲಿ ಮರಣೋತ್ತರವಾಗಿ ಪ್ರಕಟವಾಯಿತು. ೨೦೦೭ರಲ್ಲಿ ಹೆಚ್ಚು ಪೂರ್ಣವಾದ ಆವೃತ್ತಿ ಹೊರಬಂದಿತು. ಬೆಲ್ಜಿಯಂ ಮೂಲದ ಪ್ರಾಣಿವಿಜ್ಞಾನಿ ಬೆರ್ನಾರ್ ಯೂವೆಲ್ಮಾನ್ಸ್ ಅವರೊಂದಿಗೆ ಅವರ ಹೆಸರನ್ನು ಹೊತ್ತ, ನಿಯಾಂಡರ್ತಾಲ್ ಇನ್ನೂ ಜೀವಂತವಾಗಿದೆ ಎಂದು ವಾದಿಸುವ ಫ್ರೆಂಚ್ ಗ್ರಂಥವೂ ೧೯೭೪ರಲ್ಲಿಯೇ ಪ್ರಕಟವಾಯಿತು.

ಪ್ರಭಾವ ಮತ್ತು ಮೌಲ್ಯಮಾಪನ

ಇಂದಿನ ವಿಜ್ಞಾನ ಹಿಮಮಾನವನ ಅಸ್ತಿತ್ವವನ್ನು ಒಪ್ಪುವುದಿಲ್ಲ. ನಿಯಾಂಡರ್ತಾಲರು ಸುಮಾರು ನಲವತ್ತು ಸಾವಿರ ವರ್ಷಗಳ ಹಿಂದೆ ಅಳಿದರೆಂದು ವಿದ್ವಾಂಸರು ಹೇಳುತ್ತಾರೆ. ಅವರು ಸಮರ್ಥ ಬೇಟೆಗಾರರಾಗಿದ್ದರೆಂಬುದಕ್ಕೂ, ಆಧುನಿಕ ಮಾನವರೊಡನೆ ಬೆರೆತು ಸಂತಾನ ಪಡೆದಿದ್ದರೆಂಬುದಕ್ಕೂ ಪುರಾವೆಗಳಿವೆ. ಹೀಗಾಗಿ ಪೋರ್ಷ್ನೆವ್ ಅವರ ಸಿದ್ಧಾಂತದ ಹಲವು ಭಾಗಗಳು ನಿಲ್ಲುವುದಿಲ್ಲ. ಆದರೆ ಆದಿಮಾನವರ ಬದುಕಿನಲ್ಲಿ ಸತ್ತ ಪ್ರಾಣಿಗಳ ಮಾಂಸ ಮತ್ತು ಮಜ್ಜೆಗೆ ಇದ್ದ ಸ್ಥಾನವನ್ನು ಅವರು ಬಹಳ ಮೊದಲೇ ಎತ್ತಿಹಿಡಿದಿದ್ದರು. ಮುಂದೆ ಬೇರೆ ದೇಶಗಳ ಪುರಾತತ್ತ್ವಜ್ಞರೂ ಈ ಪ್ರಶ್ನೆಯನ್ನು ಗಂಭೀರವಾಗಿ ಚರ್ಚಿಸಿದರು. ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋ ಅವರು ೧೯೭೧–೭೨ರ ತಮ್ಮ ಉಪನ್ಯಾಸಗಳಲ್ಲಿ ನಾರ್ಮಂಡಿಯ ದಂಗೆಯನ್ನು ವಿವರಿಸುವಾಗ ಪೋರ್ಷ್ನೆವ್ ಅವರ ಸಂಶೋಧನೆಯನ್ನು ಬಳಸಿಕೊಂಡರು.

ಪೋರ್ಷ್ನೆವ್ ಅವರ ಎರಡು ಶೋಧನೆಗಳಲ್ಲಿ ಒಂದು ಗೆದ್ದಿತು, ಇನ್ನೊಂದು ಸೋತಿತು. ಎರಡರಲ್ಲಿಯೂ ಅವರು ಹಳ್ಳಿಗರ ಮಾತನ್ನು ತಾತ್ಸಾರ ಮಾಡದೆ ಕೇಳಿದರು. ಮಾತನ್ನು ಕೇಳುವುದು ಶೋಧನೆಯ ಮೊದಲ ಹೆಜ್ಜೆ. ಅದನ್ನು ಬೇರೆ ಆಧಾರಗಳೊಡನೆ ಹೋಲಿಸಿ ಪರೀಕ್ಷಿಸುವುದು ಎರಡನೆಯದು. ಲೆನಿನ್‌ಗ್ರಾಡಿನ ಗ್ರಂಥಾಲಯದಲ್ಲಿ ಎರಡನೆಯ ಹೆಜ್ಜೆಗೆ ಬೇಕಾದ ಕಾಗದಗಳು ಅವರ ಮುಂದಿದ್ದವು. ಕಾಕಸಸ್ ಪರ್ವತದ ಹೊಲಗಳಂಚಿನಲ್ಲಿ ಅವರಿಗೆ ದೊರೆತುದು ಯಾರೋ ತಿಂದುಳಿಸಿದ ಆಹಾರ ಮಾತ್ರ.